ಜಲ್ಲಿ ಕದ್ದ ದಿನ

ಕಕ್ಕಡ ತಿಂಗಳು, ಅಂದರೆ ಜುಲೈ-ಆಗಸ್ಟ್ ಹೊತ್ತು. ನಮ್ಮ ಕೊಡಗಿನ ನಾಪೋಕ್ಲು ಕಡೆ ಮಳೆ ಹಿಡಿದರೆ ಹಿಡಿದದ್ದೇ. ಶಾಲೆಗೆ ಮೂರನೇ ದಿನವೂ ರಜೆ. ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಮೊಬೈಲಿನಲ್ಲಿ ಉಳಿದಿದ್ದ ಚೂರು ಚಾರ್ಜನ್ನೂ ಮಗಳು ಪೆಂಗ್ವಿನ್ ವಿಡಿಯೊ ನೋಡಿ ಮುಗಿಸಿದಳು.

ಆಮೇಲೆ ಒಲೆ ಮುಂದೆ ಕೂತು ನಮಗೆಲ್ಲ ಪಾಠ. ಎಂಪರರ್ ಪೆಂಗ್ವಿನ್ ಗೂಡೇ ಕಟ್ಟಲ್ವಂತೆ. ಅಂಟಾರ್ಕ್ಟಿಕಾದ ಚಳಿಗಾಲದಲ್ಲಿ ಗಂಡು ಎರಡು ತಿಂಗಳು ಮೊಟ್ಟೆಯನ್ನು ಪಾದದ ಮೇಲೆ ಇಟ್ಟುಕೊಂಡು ನಿಂತಿರುತ್ತದಂತೆ, ಹೊಟ್ಟೆಗೆ ಏನೂ ಇಲ್ಲದೆ. ಚಳಿ ತಡೆಯಲು ಎಲ್ಲ ಒತ್ತಿಕೊಂಡು ನಿಲ್ಲುತ್ತವೆ. ಮೆಲ್ಲಗೆ ಹೆಜ್ಜೆ ಸರಿಸುತ್ತಾ ಹೊರಗಿದ್ದವು ಒಳಗೆ, ಒಳಗಿದ್ದವು ಹೊರಗೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಒಲೆಯ ಹತ್ತಿರದ ಜಾಗ ಯಾವತ್ತೂ ಅತ್ತೆಯದೇ.

ಅವಳಿಗೆ ಜಾಸ್ತಿ ಇಷ್ಟವಾಗಿದ್ದು ಅಡೆಲಿ ಪೆಂಗ್ವಿನ್. ಅಲ್ಲಿ ಮರ ಇಲ್ಲ, ಕಡ್ಡಿ ಇಲ್ಲ, ಕಲ್ಲೇ ಗತಿ. ಸಣ್ಣ ಕಲ್ಲು ಕೊಕ್ಕಿನಲ್ಲಿ ಕಚ್ಚಿ ತಂದು ಗುಡ್ಡೆ ಹಾಕುತ್ತವೆ. ಹಿಮ ಕರಗಿ ನೀರು ಹರಿದರೂ ಮೊಟ್ಟೆ ಒದ್ದೆಯಾಗಬಾರದಲ್ವಾ? ಪಕ್ಕದ ಹಕ್ಕಿ ಆಚೆ ನೋಡಿದರೆ ಸಾಕು, ಅದರ ಗೂಡಿನ ಕಲ್ಲು ಮಾಯ.

"ಕಳ್ಳರ ಪಕ್ಕ ಯಾಕೆ ಗೂಡು ಕಟ್ಟಬೇಕು?" ಅಂದರು ಅತ್ತೆ.

ಸ್ಕುವಾ ಅಂತ ಹಕ್ಕಿ ಇದೆಯಂತೆ, ಮೊಟ್ಟೆ ಹೊಡೆಯಲು ಕಾದಿರುತ್ತದೆ. ಅಂಚಿನಲ್ಲಿ ಒಂಟಿಯಾಗಿದ್ದರೆ ಅದಕ್ಕೆ ಸುಲಭ. ಅದಕ್ಕೇ ಸಾವಿರಾರು ಜೋಡಿ ಒಂದೇ ಕಡೆ. ಒಬ್ಬರ ಕೊಕ್ಕು ಇನ್ನೊಬ್ಬರಿಗೆ ತಾಗದಷ್ಟೇ ಅಂತರ. ನಮ್ಮಲ್ಲಿ ಪಕ್ಕದ ಮನೆ ಅಂದರೆ ಅರ್ಧ ಕಿಲೋಮೀಟರ್ ಕಾಫಿ ತೋಟ ದಾಟಬೇಕು!

ಮಧ್ಯಾಹ್ನ ಸೌದೆ ತರಲು ಕೊಟ್ಟಿಗೆಗೆ ಹೋದೆ. ಕಾವಿಗೆ ಕೂತ ಹೇಂಟೆಯ ಬುಟ್ಟಿ ಹತ್ತಿರ ನೀರು ಬಂದಿತ್ತು. ಬುಟ್ಟಿಯ ತಳದ ಹುಲ್ಲು ಆಗಲೇ ಕಪ್ಪಾಗಿತ್ತು. ಹನ್ನೊಂದು ಮೊಟ್ಟೆ, ಮರಿಯಾಗಲು ಇನ್ನು ನಾಲ್ಕೇ ದಿನ. ಎತ್ತಲು ಕೈ ಹಾಕಿದರೆ ರೆಕ್ಕೆ ಉಬ್ಬಿಸಿ ಕುಕ್ಕಿತು. ಗುರುತು ಇನ್ನೂ ಇದೆ.

ಮಗಳು ಮಳೆ ತಡೆಯುವ ಗೊರಬು ಹಾಕಿಕೊಂಡು ಓಡಿದಳು. ಬರುವಾಗ ಬಕೆಟ್ ತುಂಬ ಜಲ್ಲಿ. ಒಂದಲ್ಲ, ಮೂರು ಸಲ. ನಾನು ಬುಟ್ಟಿಯನ್ನು ಹೇಂಟೆ ಸಮೇತ ಎತ್ತಿ ಹಿಡಿದೆ, ಅವಳು ಅಡಿಗೆ ಸುರಿದಳು. ನಾಲ್ಕು ಬೆರಳು ಎತ್ತರ ಬಂತು. ನೀರು ಕಲ್ಲಿನ ಸಂದಿಯಲ್ಲಿ ಹರಿದು ಹೋಯಿತು.

"ಎಲ್ಲಿಂದ ತಂದೆ?" ಅಂದೆ. ಸುಮ್ನೆ ನಕ್ಕಳು. ಪಕ್ಕದ ತೋಟದವರು ಗೋಡೆ ಕಟ್ಟಿಸಲು ರಸ್ತೆ ಬದಿಯಲ್ಲಿ ರಾಶಿ ಹಾಕಿಸಿದ್ದರು.

ಸಂಜೆ ಅವರೇ ಕೊಡೆ ಹಿಡಿದು ಬಂದರು, ಕರೆಂಟ್ ವಿಚಾರ ಕೇಳಲು. ಕೊಟ್ಟಿಗೆ ಕಡೆ ಒಮ್ಮೆ ನೋಡಿದರು. ಮಗಳು ನನ್ನ ಹಿಂದೆ ಸರಿದಳು. ಅತ್ತೆ ಎದ್ದು, ಒಲೆ ಹತ್ತಿರದ ತಮ್ಮ ಜಾಗ ಅವರಿಗೆ ಬಿಟ್ಟು, ಬೆಲ್ಲದ ಕಾಫಿ ಕೊಟ್ಟರು.