ಟಿವಿ ಪಕ್ಕಕ್ಕೊಂದು ಸದ್ದಿಲ್ಲದ ಕಂಪ್ಯೂಟರ್: ನಮ್ಮ ಸೆಕೆಗೆ, ನಮ್ಮ ಮಳೆಗೆ ತಕ್ಕಂತೆ

ಚಾವಡಿಯ ಟಿವಿ ಪಕ್ಕದಲ್ಲಿ ಕಂಪ್ಯೂಟರ್ ಒಂದಿರಬೇಕು, ಸದ್ದು ಮಾಡಬಾರದು, ಖರ್ಚು 25 ಸಾವಿರ ದಾಟಬಾರದು. ಹೀಗೆ ಹೊರಟವರು ಮೊದಲು ಹುಡುಕುವುದು ಫ್ಯಾನೇ ಇಲ್ಲದ ಪೆಟ್ಟಿಗೆಯನ್ನು. ಮಂಗಳೂರು, ಉಡುಪಿಯ ಮನೆಗಳಿಗೆ ಅದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಧಾನವಾಗಿ ತಿರುಗುವ ಒಂದು ಒಳ್ಳೆಯ ಫ್ಯಾನ್ ಇರುವ ಪೆಟ್ಟಿಗೆಯೇ ಇಲ್ಲಿ ಹೆಚ್ಚು ಬಾಳುತ್ತದೆ, ಕಡಿಮೆ ದುಡ್ಡಿಗೂ ಸಿಗುತ್ತದೆ.

ಫ್ಯಾನ್ ಇಲ್ಲದ ಪೆಟ್ಟಿಗೆಗಳನ್ನು ಹೊಗಳುವ ಪರೀಕ್ಷೆಗಳು ಹೆಚ್ಚಾಗಿ ನಡೆದಿರುವುದು 20–22 ಡಿಗ್ರಿಯ ಕೋಣೆಗಳಲ್ಲಿ. ನಮ್ಮ ಚಾವಡಿಯಲ್ಲಿ ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ. ಕೋಣೆ ಎಷ್ಟು ಡಿಗ್ರಿ ಏರುತ್ತದೋ ಪೆಟ್ಟಿಗೆಯ ಒಳಗೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಅಲ್ಲಿ 75 ತೋರಿಸಿದ್ದು ಇಲ್ಲಿ 86, ಗಾಜಿನ ಬಾಗಿಲಿನ ಶೋಕೇಸ್ ಒಳಗಿಟ್ಟರೆ ಇನ್ನೂ ಮೇಲೆ. ಪ್ರೊಸೆಸರ್ ಇದನ್ನು ತಡೆದುಕೊಳ್ಳುತ್ತದೆ, ಬಿಸಿ ಮಿತಿಮೀರಿದರೆ ತಾನೇ ವೇಗ ತಗ್ಗಿಸುತ್ತದೆ. ಪೆಟ್ಟು ಬೀಳುವುದು ಪಕ್ಕದಲ್ಲಿರುವ ಎಸ್‌ಎಸ್‌ಡಿಗೆ ಮತ್ತು ಕೆಪಾಸಿಟರ್‌ಗಳಿಗೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಇನ್ನೊಂದು ಕಾರಣ ತಲೆಯ ಮೇಲೆಯೇ ತಿರುಗುತ್ತಿರುತ್ತದೆ. ಸೀಲಿಂಗ್ ಫ್ಯಾನ್ ಓಡುವ ಕೋಣೆಯಲ್ಲಿ ಸದ್ದು ಸಾಮಾನ್ಯವಾಗಿ 40 ಡೆಸಿಬೆಲ್‌ಗಿಂತ ಮೇಲೆಯೇ ಇರುತ್ತದೆ. 20–25 ಡೆಸಿಬೆಲ್‌ನ ಮೆತ್ತಗಿನ ಗಾಳಿ ಸದ್ದು ಅದರಡಿ ಮುಳುಗಿಹೋಗುತ್ತದೆ. ಆದರೆ ಸಣ್ಣ ಫ್ಯಾನಿನ ಕೀರಲು ಸ್ವರ ಮುಳುಗುವುದಿಲ್ಲ, ಏರಿ ಇಳಿಯುವ ಸದ್ದೂ ಮುಳುಗುವುದಿಲ್ಲ. ತಾಳಮದ್ದಳೆಯ ಧ್ವನಿಮುದ್ರಣ ಹಾಕಿ ನೋಡಿ. ಅರ್ಥಧಾರಿ ವಾಕ್ಯದ ನಡುವೆ ಒಂದು ಕ್ಷಣ ತಡೆದಾಗ ಕಿವಿಗೆ ಬೀಳುವುದು ಆ ಕೀರಲು ಮಾತ್ರ. ಆದ್ದರಿಂದ ದುಡ್ಡು ಹಾಕಬೇಕಾದದ್ದು ಸದ್ದನ್ನು ಸೊನ್ನೆಗಿಳಿಸಲು ಅಲ್ಲ, ಕೀರಲನ್ನೂ ಏರಿಳಿತವನ್ನೂ ತೆಗೆಯಲು.

ಈಗ ಪೆಟ್ಟಿಗೆಯ ಆಯ್ಕೆ. ವಿಡಿಯೋ ನೋಡಲು ಪ್ರೊಸೆಸರ್‌ನ ಶಕ್ತಿಗಿಂತ, ಅದರೊಳಗಿನ ಗ್ರಾಫಿಕ್ಸ್ ಭಾಗ ಯಾವ ಯಾವ ಕೋಡೆಕ್ (ವಿಡಿಯೋವನ್ನು ಒತ್ತಿ ಚಿಕ್ಕದಾಗಿಸುವ ವಿಧಾನ; ಎಚ್‌ಇವಿಸಿ, ವಿಪಿ9, ಎವಿ1 ಇಂಥವು) ಬಿಡಿಸಬಲ್ಲದು ಎಂಬುದು ಮುಖ್ಯ. ಇಂಟೆಲ್ ಪ್ರೊಸೆಸರ್‌ಗಳ 6ನೇ ತಲೆಮಾರು 10 ಬಿಟ್‌ನ ಎಚ್‌ಇವಿಸಿಯನ್ನು ಪೂರ್ತಿ ಹಾರ್ಡ್‌ವೇರ್‌ನಲ್ಲಿ ಬಿಡಿಸುವುದಿಲ್ಲ, 4ಕೆ ಸಿನಿಮಾ ತಡವರಿಸುತ್ತದೆ. 7ನೇ ತಲೆಮಾರಿನಿಂದ ಎಚ್‌ಇವಿಸಿ 10 ಬಿಟ್ ಮತ್ತು ವಿಪಿ9 ಎರಡೂ ಸಲೀಸು. ಎವಿ1 ಬೇಕಾದರೆ 11ನೇ ತಲೆಮಾರಿನ ಹೊಸ ಗ್ರಾಫಿಕ್ಸ್, 12ನೇ ತಲೆಮಾರು ಅಥವಾ ಇಂಟೆಲ್‌ನದೇ ಸಣ್ಣ ಪ್ರೊಸೆಸರ್ ಎನ್100 ಬೇಕು. ಎಎಂಡಿಯ ರೈಜೆನ್ 5600ಜಿ ಶಕ್ತಿಯಲ್ಲಿ ಎಷ್ಟೋ ಮುಂದಿದ್ದರೂ ಎವಿ1 ಬಿಡಿಸುವ ಹಾರ್ಡ್‌ವೇರ್ ಅದರಲ್ಲಿಲ್ಲ.

ನನ್ನ ಮೊದಲ ಆಯ್ಕೆ ಕಚೇರಿಗಳಿಂದ ಬದಲಾಯಿಸಿ ಬಂದ ಸೆಕೆಂಡ್ ಹ್ಯಾಂಡ್ ಪುಟ್ಟ ಪೆಟ್ಟಿಗೆಗಳು: ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ. 8ನೇ ತಲೆಮಾರಿನದ್ದು, ಐ5-8500ಟಿ ಇರುವಂಥದ್ದು ನೋಡಿ. ಕೊನೆಯ ‘ಟಿ’ ಅಂದರೆ 35 ವಾಟ್‌ನ ಪ್ರೊಸೆಸರ್. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಧಾರಾಳ ಸಾಕು. 7ನೇ ತಲೆಮಾರಿನದ್ದು ಇನ್ನೂ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರಲ್ಲಿ ವಿಂಡೋಸ್ 11 ಅಧಿಕೃತವಾಗಿ ಕೂರುವುದಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲಿನಕ್ಸ್ ಹಾಕುವವರಿಗೆ ಆ ಚಿಂತೆ ಇಲ್ಲ.

ಇವುಗಳಲ್ಲಿ ಒಂದು ಗುಪ್ತ ತೊಡಕುಂಟು. 8ನೇ ತಲೆಮಾರಿನ ಇಂಟೆಲ್ ಗ್ರಾಫಿಕ್ಸ್‌ನ ನೇರ ಎಚ್‌ಡಿಎಂಐ 1.4ನೇ ಆವೃತ್ತಿಯದ್ದು, ಅಂದರೆ 4ಕೆ ಸೆಕೆಂಡಿಗೆ 30 ಚಿತ್ರಕ್ಕೆ ನಿಂತುಬಿಡುತ್ತದೆ. 60 ಬೇಕಾದರೆ ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಕಿಂಡಿಯಿಂದ ಹೊರಡಬೇಕು, ಎಚ್‌ಡಿಎಂಐ 2.0ಕ್ಕೆ ಬದಲಿಸುವ ‘ಆಕ್ಟಿವ್’ ಅಡಾಪ್ಟರ್ ಬೇಕು. ಅಗ್ಗದ ಪ್ಯಾಸಿವ್ ಕನ್ವರ್ಟರ್ ಕೊಂಡರೆ ಮತ್ತೆ 30ಕ್ಕೇ ಬರುತ್ತೀರಿ. ಟಿವಿ ಫುಲ್ ಎಚ್‌ಡಿಯದ್ದಾದರೆ ಇದಾವುದೂ ಬೇಡ. ಟಿವಿಯಲ್ಲಿ ಎಚ್‌ಡಿಆರ್ (ಬೆಳಕು-ನೆರಳಿನ ವ್ಯಾಪ್ತಿ ಹೆಚ್ಚಿಸುವ ಸೌಲಭ್ಯ) ಇದ್ದು ಅದು ಬೇಕೇ ಬೇಕೆನ್ನುವವರು ಈ ಹಳೆಯ ಪೆಟ್ಟಿಗೆಯ ಜೊತೆ ಗುದ್ದಾಡುವ ಬದಲು ಎಚ್‌ಡಿಎಂಐ 2.0 ಇರುವ ಎನ್100 ಪೆಟ್ಟಿಗೆಯನ್ನೇ ಕೊಳ್ಳಲಿ. ನಾಲ್ಕು ಕೋರ್, 6 ವಾಟ್‌ನ ಪ್ರೊಸೆಸರ್, ಎವಿ1 ಕೂಡ ಸಿಗುತ್ತದೆ.

ಅಂಗಡಿಯಲ್ಲಿ ಹಳೆಯ ಪೆಟ್ಟಿಗೆ ಕೈಗೆ ಸಿಕ್ಕಿದಾಗ ಬಯೋಸ್ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್) ತೆರೆದು ನೋಡಿ, ಪಾಸ್‌ವರ್ಡ್ ಕೇಳಿದರೆ ಅಲ್ಲೇ ಬಿಟ್ಟುಬನ್ನಿ. ಕರೆಂಟಿನ ಅಡಾಪ್ಟರ್ ಅದೇ ಕಂಪೆನಿಯದ್ದಿರಬೇಕು. ಡೆಲ್ ಯಂತ್ರಗಳು ಅಡಾಪ್ಟರ್‌ನ ನಡುವಿನ ಸಣ್ಣ ಪಿನ್ನಿನಿಂದ ಅದರ ವಾಟ್ ಓದಿಕೊಳ್ಳುತ್ತವೆ. ಗುರುತು ಸಿಗದಿದ್ದರೆ ಪ್ರೊಸೆಸರ್ ವೇಗವನ್ನು ಕೆಳಗೆ ಕಟ್ಟಿಹಾಕುತ್ತವೆ, ವಿಡಿಯೋ ತಡವರಿಸಲು ಅದೇ ಸಾಕು. ಮುಚ್ಚಳ ತೆಗೆಸಿ ಎಚ್‌ಡಿಎಂಐ, ಯುಎಸ್‌ಬಿ ಕಿಂಡಿಗಳ ಲೋಹದ ಅಂಚು ನೋಡಿ. ಹಸಿರು ಅಥವಾ ಬಿಳಿ ಪುಡಿ ಕಂಡರೆ ಅದು ಕಡಲಗಾಳಿ ಕುಡಿದ ಪೆಟ್ಟಿಗೆ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಮನೆಗೆ ತಂದ ಮೇಲೆ ಸದ್ದು ಇಳಿಸುವ ಕೆಲಸ. ಹೀಟ್‌ಸಿಂಕ್ ಬಿಚ್ಚಿ ಒಣಗಿದ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಬಟಾಣಿಯಷ್ಟು ಹೊಸದು ಹಾಕಿ, ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಸಿಆರ್2032 ಬ್ಯಾಟರಿಯನ್ನೂ ಅದೇ ಹೊತ್ತಿಗೆ ಬದಲಿಸಿ. ಆಮೇಲೆ ಬಯೋಸ್‌ನಲ್ಲಿ ಟರ್ಬೋ ಬೂಸ್ಟ್ ಆಫ್ ಮಾಡಿ. ಸದ್ದಿನ ಏರಿಳಿತಕ್ಕೆ ದೊಡ್ಡ ಕಾರಣ ಇದೇ. ಮೆನು ತೆರೆದ ಒಂದೆರಡು ಸೆಕೆಂಡ್ ಪ್ರೊಸೆಸರ್ ಮೇಲಕ್ಕೆ ಜಿಗಿಯುತ್ತದೆ, ಬಿಸಿ ಏರುತ್ತದೆ, ಫ್ಯಾನ್ ಬೊಬ್ಬೆ ಹೊಡೆಯುತ್ತದೆ. ವಿಡಿಯೋ ಬಿಡಿಸುವುದು ಗ್ರಾಫಿಕ್ಸ್, ಅದಕ್ಕೆ ಟರ್ಬೋ ಬೇಕಾಗಿಯೇ ಇಲ್ಲ. 2.1 ಗಿಗಾಹರ್ಟ್ಸ್‌ನಲ್ಲೇ ಎಲ್ಲ ನಡೆಯುತ್ತದೆ.

ಫ್ಯಾನಿನ ಲೆಕ್ಕ ಸರಳ. ವೇಗ ಅರ್ಧಕ್ಕಿಳಿದರೆ ಗಾಳಿಯೂ ಅರ್ಧಕ್ಕಿಳಿಯುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಹಾಗಾಗಿ ದೊಡ್ಡ ಹಾರ್ಡ್ ಡಿಸ್ಕ್‌ಗಳನ್ನು ಒಳಗೇ ಇಡಬೇಕೆಂದು ಬಿಡಿಭಾಗ ತಂದು ಜೋಡಿಸುವವರು 80 ಮಿ.ಮೀ. ಫ್ಯಾನಿನ ತೆಳು ಕ್ಯಾಬಿನೆಟ್ ಬಿಟ್ಟು 120 ಮಿ.ಮೀ. ಕೂರುವಂಥದ್ದು ತೆಗೆದುಕೊಳ್ಳಿ. ವೇಗ ಹೊಂದಿಸಬಲ್ಲ, ನಾಲ್ಕು ಪಿನ್ನಿನ ಪಿಡಬ್ಲ್ಯುಎಂ ಫ್ಯಾನನ್ನು 600–700 ಆರ್‌ಪಿಎಂನಲ್ಲಿ ಓಡಿಸಿ. ಪ್ರೊಸೆಸರ್ 70 ಡಿಗ್ರಿ ಮುಟ್ಟುವವರೆಗೆ ಅದೇ ವೇಗ, ಅಲ್ಲಿಂದಾಚೆ ನಿಧಾನ ಏರಿಕೆ. ಬಯೋಸ್‌ನಲ್ಲಿ ‘ಸ್ಟೆಪ್ ಅಪ್’ ಸಮಯ (ಫ್ಯಾನ್ ವೇಗ ಏರಲು ತೆಗೆದುಕೊಳ್ಳುವ ಹೊತ್ತು) ಇದ್ದರೆ ಅದನ್ನು ಆದಷ್ಟು ಹೆಚ್ಚಿಸಿ. ಪ್ರೊಸೆಸರ್ ಐ3-12100 ಆಗಲಿ, 12100ಎಫ್ ಬೇಡ. ‘ಎಫ್’ ಸ್ವಲ್ಪ ಅಗ್ಗ ಎಂದು ಅಂಗಡಿಯವರು ಮುಂದಿಡಬಹುದು, ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಟಿವಿಗೆ ಚಿತ್ರವೇ ಬರುವುದಿಲ್ಲ. ಹೀಗೆ ಜೋಡಿಸಿದರೆ ಖರ್ಚು 25 ಸಾವಿರ ದಾಟುವ ಸಂಭವವೇ ಹೆಚ್ಚು.

ಹಾರ್ಡ್ ಡಿಸ್ಕ್ 5400 ಆರ್‌ಪಿಎಂನದ್ದಾಗಲಿ, 7200 ಬೇಡ. ಬ್ಲೂ-ರೇ 4ಕೆಯ ಗರಿಷ್ಠ ವೇಗವೇ ಸೆಕೆಂಡಿಗೆ 128 ಮೆಗಾಬಿಟ್, ಅಂದರೆ 16 ಮೆಗಾಬೈಟ್. ಯಾವ ನಿಧಾನದ ಡಿಸ್ಕೂ ಅದಕ್ಕೆ ಸಾಕು. ಹೊರಗಿನ ಯುಎಸ್‌ಬಿ ಡಿಸ್ಕನ್ನು ಮರದ ಶೋಕೇಸ್ ಮೇಲೆ ನೇರ ಇಟ್ಟರೆ ಇಡೀ ಹಲಗೆ ಗುಂಯ್ ಎನ್ನುತ್ತದೆ. ಹಳೆಯ ಹವಾಯಿ ಚಪ್ಪಲಿಯ ರಬ್ಬರಿನಿಂದ ನಾಲ್ಕು ತುಂಡು ಕತ್ತರಿಸಿ ಕೆಳಗಿಡಿ. ಬಟ್ಟೆಯಲ್ಲಿ, ಸ್ಪಂಜಿನಲ್ಲಿ ಸುತ್ತಬೇಡಿ, ಬೇಯುತ್ತದೆ. ಡಿಸ್ಕನ್ನು ಬೇರೆ ಕೋಣೆಯಲ್ಲಿಡುವುದು ಇನ್ನೂ ಒಳ್ಳೆಯದು. ಆದರೆ ವೈಫೈ ನಂಬಿ ಹಾಗೆ ಮಾಡಬೇಡಿ. ದಪ್ಪ ಮುರಕಲ್ಲಿನ ಗೋಡೆ ಎರಡು ದಾಟುವಷ್ಟರಲ್ಲಿ ವೈಫೈ ಬಳಲಿರುತ್ತದೆ, 5 ಗಿಗಾಹರ್ಟ್ಸ್‌ನದ್ದಂತೂ ಇನ್ನೂ ಬೇಗ. ಕ್ಯಾಟ್6 ವೈರ್ ಎಳೆಯಿರಿ.

ಇನ್ನು ಹವೆ. ಕರಾವಳಿಯಲ್ಲಿ ಕಂಪ್ಯೂಟರ್ ಕೆಡುವುದಕ್ಕೆ ಬಿಸಿಗಿಂತ ತೇವ ದೊಡ್ಡ ಕಾರಣ, ಅದರಲ್ಲೂ ಉಪ್ಪು ಬೆರೆತ ತೇವ. ಉಳ್ಳಾಲ, ಸುರತ್ಕಲ್, ಪಡುಬಿದ್ರಿ, ಮಲ್ಪೆಯಂಥ ಕಡೆ ಕಡಲ ಬದಿಯ ಮನೆಗಳಲ್ಲಿ ಧೂಳಿನ ಜೊತೆ ಉಪ್ಪಿನ ಕಣವೂ ಬೋರ್ಡಿನ ಮೇಲೆ ಕೂರುತ್ತದೆ. ಅಡುಗೆ ಉಪ್ಪು 75 ಶೇಕಡಾ ಆರ್ದ್ರತೆ ದಾಟಿದರೆ ಗಾಳಿಯ ನೀರು ಹೀರಿ ತಾನೇ ಕರಗುತ್ತದೆ. ಮಳೆಗಾಲದಲ್ಲಿ ನಮ್ಮ ಆರ್ದ್ರತೆ ಅದಕ್ಕಿಂತ ಮೇಲೆಯೇ ಇರುತ್ತದೆ. ಹೀಗೆ ಕರಗಿದ ಉಪ್ಪುನೀರು ವಿದ್ಯುತ್ ಹರಿಸುತ್ತದೆ, ತಾಮ್ರ ತಿನ್ನುತ್ತದೆ. ಬೇಸಗೆಯಲ್ಲಿ ಚೆನ್ನಾಗಿದ್ದ ಪೆಟ್ಟಿಗೆ ಆಟಿಯ ಮಳೆಯಲ್ಲಿ ಆನ್ ಆಗದಿರುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಮೊದಲು ರ‍್ಯಾಮ್ ತೆಗೆದು ಚಿನ್ನದ ಬಣ್ಣದ ಅಂಚನ್ನು ಮೆತ್ತಗೆ ರಬ್ಬರಿನಿಂದ ಉಜ್ಜಿ, ಆಲ್ಕೊಹಾಲ್‌ನಲ್ಲಿ ಒರೆಸಿ ಕೂರಿಸಿ ನೋಡಿ.

ತಡೆಯುವ ಉಪಾಯ ಸಿಲಿಕಾ ಜೆಲ್ ಪೊಟ್ಟಣವಲ್ಲ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಅದು ಬೇಗನೆ ತುಂಬಿಹೋಗುತ್ತದೆ. ಉಪಾಯ, ಮಳೆಗಾಲದಲ್ಲಿ ಕಂಪ್ಯೂಟರನ್ನು ಆಫ್ ಮಾಡದಿರುವುದು. 27 ಡಿಗ್ರಿಯ, 90 ಶೇಕಡಾ ಆರ್ದ್ರತೆಯ ಗಾಳಿ ಪೆಟ್ಟಿಗೆಯೊಳಗೆ 35 ಡಿಗ್ರಿಗೆ ಬೆಚ್ಚಗಾದರೆ ಆರ್ದ್ರತೆ ಸುಮಾರು 57ಕ್ಕೆ ಇಳಿಯುತ್ತದೆ, ಉಪ್ಪು ಒಣಗಿಯೇ ಉಳಿಯುತ್ತದೆ. ಸುಮ್ಮನಿರುವಾಗ 8 ವಾಟ್ ಎಳೆಯುವ ಪೆಟ್ಟಿಗೆ ತಿಂಗಳಿಗೆ ಆರು ಯೂನಿಟ್ ಒಳಗೆ ತಿನ್ನುತ್ತದೆ. ಎಸಿ ಕೋಣೆಯಲ್ಲಿ ತಣ್ಣಗಾಗಿ ಆಫ್ ಆಗಿರುವ ಪೆಟ್ಟಿಗೆಗೆ ಕಿಟಕಿ ತೆರೆದು ಮಳೆಗಾಳಿ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು, ಒಳಗೆ ಬೆವರುತ್ತದೆ.

ಬೆಚ್ಚಗಿನ ಜಾಗ ಇರುವೆಗೂ ಹಲ್ಲಿಗೂ ಇಷ್ಟ. ಖಾಲಿ ಸ್ಲಾಟ್‌ಗಳಿಗೆ ಮುಚ್ಚಳ ಹಾಕಿ, ಗಾಳಿ ಒಳಬರುವ ಕಡೆ ಸಣ್ಣ ಕಣ್ಣಿನ ಜಾಲರಿ ಅಂಟಿಸಿ. ಸೊಳ್ಳೆ ಪರದೆಯ ಬಟ್ಟೆ ಹಲ್ಲಿಗೆ ಸಾಕು, ಇರುವೆಗೆ ಸಾಲದು. ಪೆಟ್ಟಿಗೆಯ ಹಿಂದೆ 10 ಸೆಂ.ಮೀ. ಜಾಗ ಬಿಟ್ಟರೆ ಒರೆಸಲೂ ಕೈ ಹೋಗುತ್ತದೆ.

ಸಿಡಿಲಿನ ವಿಷಯದಲ್ಲಿ ಉಳಿತಾಯ ಬೇಡ. ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್‌ನ ಸಂಜೆಗಳಲ್ಲಿ ಗುಡುಗು ಕೇಳಿದೊಡನೆ ಪ್ಲಗ್ ಮಾತ್ರವಲ್ಲ, ಕೇಬಲ್ ಟಿವಿಯ ತಂತಿ ಮತ್ತು ಲ್ಯಾನ್ ವೈರ್ ಕೂಡ ಕೀಳಬೇಕು. ಎಚ್‌ಡಿಎಂಐ ಕಿಂಡಿ ಸುಡುವುದು ಹಲವು ಸಲ ಕೇಬಲ್ ತಂತಿಯಿಂದ ಟಿವಿಗೆ, ಟಿವಿಯಿಂದ ಕಂಪ್ಯೂಟರ್‌ಗೆ ಬಂದ ಹೊಡೆತಕ್ಕೆ. ಇಂಟರ್‌ನೆಟ್‌ನ ಫೈಬರ್ ಗಾಜಿನದ್ದು, ಅದು ಸಿಡಿಲನ್ನು ತರುವುದಿಲ್ಲ. ಸ್ಪೈಕ್ ಗಾರ್ಡ್ ಅರ್ಥಿಂಗ್ ಸರಿಯಿದ್ದರೆ ಮಾತ್ರ ಪೂರ್ತಿ ಕೆಲಸ ಮಾಡುತ್ತದೆ. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದರೆ ಅರ್ಥಿಂಗ್ ದುರ್ಬಲವಾಗುತ್ತದೆ, ಹೊಂಡಕ್ಕೆ ಆಗಾಗ ನೀರು ಹಾಕಿ. ಇನ್ವರ್ಟರ್ ಇದ್ದರೆ ಪ್ಯೂರ್ ಸೈನ್ ವೇವ್‌ನದ್ದಾಗಲಿ, ಸ್ಕ್ವೇರ್ ವೇವ್‌ನಲ್ಲಿ ಆಂಪ್ಲಿಫೈಯರ್ ಗುಂಯ್‌ಗುಡುತ್ತದೆ.

ಕರೆಂಟ್ ಸರಿಯಿದ್ದೂ ಸ್ಪೀಕರ್‌ನಲ್ಲಿ ಸಣ್ಣ ಗುಂಯ್ ಉಳಿದರೆ ಕೇಬಲ್ ಟಿವಿಯ ತಂತಿ ಕಿತ್ತು ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್. ತಂತಿಯ ಹೊರಕವಚದ ಅರ್ಥ್ ಬೇರೆಲ್ಲೋ ಇದೆ. ಟಿವಿಯ ಆಪ್ಟಿಕಲ್ ಕಿಂಡಿಯಿಂದ ಸ್ಪೀಕರ್‌ಗೆ ಸಂಪರ್ಕ ಕೊಟ್ಟರೆ ಲೂಪ್ ತುಂಡಾಗುತ್ತದೆ. ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಎಂದೂ ಮುರಿಯಬೇಡಿ.

ತಂತ್ರಾಂಶಕ್ಕೆ ಲಿಬ್ರೆಎಲೆಕ್ (ಕೋಡಿಯನ್ನು ಓಡಿಸಲೆಂದೇ ಇರುವ ಪುಟ್ಟ ಲಿನಕ್ಸ್) ಮತ್ತು ಕೋಡಿ (ವಿಡಿಯೋ ಪ್ಲೇಯರ್) ಸಾಕು. ಲಿನಕ್ಸ್ ಬ್ರೌಸರ್‌ನಲ್ಲಿ ನೆಟ್‌ಫ್ಲಿಕ್ಸ್‌ನಂಥವು 4ಕೆ ಕೊಡುವುದಿಲ್ಲ, ಅದಕ್ಕೆ ಟಿವಿಯ ಆ್ಯಪ್ ಬಳಸಿ. ಲಿಬ್ರೆಎಲೆಕ್ ಬಿಟ್ಟು ವಿಂಡೋಸ್ ಅಥವಾ ಬೇರೆ ಲಿನಕ್ಸ್ ಹಾಕಿ ಬ್ರೌಸರ್‌ನಲ್ಲಿ ಯೂಟ್ಯೂಬ್ ನೋಡುವವರು 8ನೇ ತಲೆಮಾರಿನ ಪೆಟ್ಟಿಗೆಯಲ್ಲಿ ಎವಿ1 ತಡೆಯುವ ಎಕ್ಸ್‌ಟೆನ್ಶನ್ ಹಾಕಿಕೊಳ್ಳಿ. ಇಲ್ಲವಾದರೆ ಎವಿ1 ಬಿಡಿಸುವ ಭಾರ ಪ್ರೊಸೆಸರ್ ಮೇಲೆ ಬಿದ್ದು ಫ್ಯಾನ್ ಏರುತ್ತದೆ. ಕನ್ನಡ ಸಬ್‌ಟೈಟಲ್ ಚೌಕಗಳಾಗಿ ಕಂಡರೆ ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನು ಕೋಡಿಯ ಮೀಡಿಯಾ ಫೋಲ್ಡರ್‌ನ ಫಾಂಟ್ಸ್ ಒಳಗೆ ಹಾಕಿ ಅದನ್ನೇ ಆರಿಸಿ.

ಕೊನೆಗೆ ಒಂದು ಸೆಟ್ಟಿಂಗ್, ಯಕ್ಷಗಾನ ನೋಡುವ ಮನೆಗಳಲ್ಲಿ ಇದನ್ನು ಬಿಡಲೇಬಾರದು. ನಮ್ಮಲ್ಲಿ ಡಿವಿಡಿಗೆ ಹೋದ ಹಳೆಯ ಆಟದ ದಾಖಲೆಗಳು ಸಾಮಾನ್ಯವಾಗಿ 720×576ರ, ಸೆಕೆಂಡಿಗೆ 25 ಚಿತ್ರದ, ಇಂಟರ್‌ಲೇಸ್ ಆದ (ಪ್ರತಿ ಚಿತ್ರವನ್ನು ಬೆಸ-ಸರಿ ಗೆರೆಗಳ ಎರಡು ಅರ್ಧಗಳಾಗಿ ಹಂಚಿದ) ವಿಡಿಯೋ. ಟಿವಿ 60 ಹರ್ಟ್ಸ್‌ನಲ್ಲಿದ್ದರೆ 25 ಅದಕ್ಕೆ ಸಮನಾಗಿ ಹಂಚಿಹೋಗದೆ ವೇಷಧಾರಿ ಗಿರಗಿರನೆ ತಿರುಗುವ ಧಿಗಿಣ ಎಳೆದೆಳೆದಂತೆ ಕಾಣುತ್ತದೆ. ಕೋಡಿಯ ಪ್ಲೇಯರ್ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ ಹೊಂದಿಸುವ ಆಯ್ಕೆಯನ್ನು ‘ಆನ್ ಸ್ಟಾರ್ಟ್/ಸ್ಟಾಪ್’ಗೆ ಇಡಿ, ಆಟಕ್ಕೆ 50 ಹರ್ಟ್ಸ್, ಸಿನಿಮಾಕ್ಕೆ 24 ತಾನೇ ಬರುತ್ತದೆ. ಡಿಇಂಟರ್‌ಲೇಸ್ ಆನ್ ಮಾಡಿ ವಿಧಾನ ‘ಬಾಬ್’ ಅಥವಾ ‘ಎಂಸಿಡಿಐ’ ಆರಿಸಿ. ಆಗ ಸೆಕೆಂಡಿಗೆ 50 ಚಲನೆಯೂ ಉಳಿಯುತ್ತದೆ, ಗೆಜ್ಜೆಕಾಲಿನ ಸುತ್ತ ಬಾಚಣಿಗೆ ಹಲ್ಲಿನಂತೆ ಕಾಣುವ ಗೆರೆಗಳೂ ಹೋಗುತ್ತವೆ.