ವಾರ್ನಿಷ್ ಹೊಡೆಯಲೇಬೇಕಾ?

ಆಯಿಲ್ ಪೇಂಟಿಂಗ್ ಅಂದಮೇಲೆ ಒಣಗಿದ ಬಣ್ಣದ ಮೇಲೆ ವಾರ್ನಿಷ್, ಅಂದರೆ ಪಾರದರ್ಶಕ ಲೇಪ, ಹೊಡೆಯಲೇಬೇಕು ಅಂತ ತುಂಬಾ ಜನ ಹೇಳುತ್ತಾರೆ. ನಾನು ಎಲ್ಲದಕ್ಕೂ ಹೊಡೆಯುವುದಿಲ್ಲ.

ಈಗ ಗೋಡೆಗೆ ಒರಗಿಸಿಟ್ಟಿರುವ ಎರಡು ಚಿತ್ರಗಳನ್ನೇ ನೋಡಿ. ಒಂದರಲ್ಲಿ ಹಳೇ ಅಡುಗೆಮನೆಯ ಕತ್ತಲೆ ಮೂಲೆ, ಅಲ್ಲೊಂದು ಹಿತ್ತಾಳೆ ಕೊಡ. ಹಸಿ ಇದ್ದಾಗ ಆ ಕತ್ತಲೆ ಎಷ್ಟು ಆಳವಾಗಿತ್ತು! ಒಣಗಿದ ಮೇಲೆ ಬರ್ನ್ಟ್ ಅಂಬರ್ ಅನ್ನುವ ಗಾಢ ಕಂದು ಬಳಿದ ಜಾಗವೆಲ್ಲ ಒರೆಸಿದ ಸ್ಲೇಟಿನ ಹಾಗೆ ಬೂದುಬೂದಾಗಿದೆ, ಪಕ್ಕದ ಕೊಡ ಮಾತ್ರ ಮಿರಿಮಿರಿ ಅನ್ನುತ್ತಿದೆ. ಕೆಳಗಿನ ಪದರ ಎಣ್ಣೆ ಹೀರಿಕೊಂಡರೆ ಹೀಗಾಗುತ್ತದೆ, ಅಂಬರ್‌ನಂಥ ಮಣ್ಣಿನ ಬಣ್ಣಗಳಲ್ಲಿ ಜಾಸ್ತಿ. ಇದಕ್ಕೆ ವಾರ್ನಿಷ್ ಬೇಕು. ಇಡೀ ಚಿತ್ರದ ಹೊಳಪು ಒಂದೇ ಸಮ ಆಗುತ್ತದೆ, ಕಪ್ಪು ಮತ್ತೆ ಕಪ್ಪಾಗುತ್ತದೆ.

ಇನ್ನೊಂದು ಪೇಂಟಿಂಗ್ ನೈಫಿನಲ್ಲಿ ದಪ್ಪಕ್ಕೆ ಬಣ್ಣ ಮೆತ್ತಿ ಬರೆದ ಗದ್ದೆ. ಮಧ್ಯಾಹ್ನದ ಬಿಸಿಲು, ಒಣ ಬಣ್ಣ. ಅದರ ಚೆಂದ ಇರುವುದೇ ಆ ಮಂಕಿನಲ್ಲಿ. ಅದಕ್ಕೆ ಹೊಳೆಯುವ ಗ್ಲಾಸಿ ವಾರ್ನಿಷ್ ಹೊಡೆದರೆ ಕಾಣುವುದು ಟ್ಯೂಬ್‌ಲೈಟ್, ಗದ್ದೆ ಅಲ್ಲ. ಫ್ರಾನ್ಸಿನ ಚಿತ್ರಕಾರ ಪಿಸಾರೋ ತನ್ನ ಒಂದು ಚಿತ್ರದ ಹಿಂದೆ "ದಯವಿಟ್ಟು ವಾರ್ನಿಷ್ ಹಚ್ಚಬೇಡಿ" ಅಂತ ಬರೆದಿಟ್ಟಿದ್ದ. ನಂಗಂತೂ ಅವನ ಮಾತು ಸರಿ ಅನಿಸುತ್ತದೆ.

ಹಾಗಂತ ವಾರ್ನಿಷ್ ಸುಮ್ನೆ ಹೊಳಪಿಗೆ ಅಲ್ಲ. ಧೂಳು, ಊದಿನಕಡ್ಡಿ ಹೊಗೆ ಬಣ್ಣದ ಮೇಲೆ ಕೂರುವ ಬದಲು ಅದರ ಮೇಲೆ ಕೂರುತ್ತವೆ. 1990ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಚಿತ್ರಕಾರ ರೆಂಬ್ರಾಂಟನ ನೈಟ್ ವಾಚ್ ಚಿತ್ರದ ಮೇಲೆ ಒಬ್ಬ ಆ್ಯಸಿಡ್ ಎರಚಿದ. ಕಾವಲಿನವರು ತಕ್ಷಣ ನೀರು ಹಾಕಿದರು, ಆ್ಯಸಿಡ್ ವಾರ್ನಿಷ್ ದಾಟಿ ಕೆಳಗಿಳಿಯಲಿಲ್ಲ. ತಮಾಷೆ ಏನಂದರೆ ಅದಕ್ಕೆ ರಾತ್ರಿಯ ಹೆಸರು ಬಂದದ್ದೂ ಕಪ್ಪಿಟ್ಟ ವಾರ್ನಿಷ್‌ನಿಂದಲೇ. 1940ರ ದಶಕದಲ್ಲಿ ಅದನ್ನು ತೆಗೆದಾಗ ಒಳಗೆ ಹಗಲಿತ್ತು!

ಕಾಲ ಕಳೆದಂತೆ ಹಳದಿಯಾಗಿ ಕಪ್ಪಿಡುವ ಈ ಚಾಳಿ ಡ್ಯಾಮರ್ ವಾರ್ನಿಷ್‌ಗೂ ಇದೆ. ಡ್ಯಾಮರ್ ಅಂದರೆ ಮರದ ರಾಳ. ದಕ್ಷಿಣ ಕನ್ನಡದಲ್ಲಿ ರಸ್ತೆ ಬದಿ ಕಾಣುವ ಸಾಲುಧೂಪದ ಮರದ ರಾಳಕ್ಕೂ ವೈಟ್ ಡ್ಯಾಮರ್ ಅಂತಲೇ ಹೆಸರು, ಅದರಿಂದಲೂ ವಾರ್ನಿಷ್ ಮಾಡುತ್ತಿದ್ದರು. ಊರಿನ ಮರ ಅನ್ನುವ ಪ್ರೀತಿ ಇದ್ದರೂ ನಾನು ಗ್ಯಾಮ್‌ವಾರ್‌ನಂಥ ಸಿಂಥೆಟಿಕ್ ವಾರ್ನಿಷ್‌ಗೇ ಓಟು ಹಾಕುತ್ತೇನೆ. ಅಷ್ಟು ಬೇಗ ಹಳದಿಯಾಗುವುದಿಲ್ಲ, ಮುಂದೆ ಬೇಕಾದರೆ ಮೆದು ಥಿನ್ನರ್‌ನಲ್ಲೇ ತೆಗೆಯಬಹುದು. ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಕೇಳುವವರಿಗೆ ಒಂದು ಮಾತು: ಅದರಲ್ಲಿರುವ ಮೇಣ ಇಲ್ಲವೇ ಸಿಲಿಕಾ ಪುಡಿ ಗಾಢ ಬಣ್ಣದ ಮೇಲೆ ಬಿಳಿ ಮಬ್ಬು ಕಟ್ಟಿದಂತೆ ಕಾಣಬಹುದು.

ಯಾವಾಗ ಹಚ್ಚೋದು? ಆಯಿಲ್ ಬಣ್ಣದಲ್ಲಿರುವ ಅಗಸೆ ಎಣ್ಣೆ ನೀರಿನಂತೆ ಆರಿ ಹೋಗುವುದಿಲ್ಲ, ಗಾಳಿಯ ಆಕ್ಸಿಜನ್ ಹಿಡಿದುಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಹಾಗಾಗಿ ಹಳಬರು 6 ತಿಂಗಳಿಂದ ಒಂದು ವರ್ಷ ಕಾಯಿರಿ ಅನ್ನುತ್ತಾರೆ. ಗ್ಯಾಮ್‌ವಾರ್‌ಗೆ ಅಷ್ಟು ಬೇಡ, ಅತೀ ದಪ್ಪಗಿರುವ ಜಾಗವೂ ಒತ್ತಿದರೆ ತಗ್ಗದಷ್ಟು ಗಟ್ಟಿಯಾಗಿದ್ದರೆ ಸಾಕು. ಮಳೆಗಾಲದಲ್ಲಿ ಮಾತ್ರ ಬಾಟಲಿ ಮುಚ್ಚಳ ತೆಗೆಯಬೇಡಿ. ಗಾಳಿಯಲ್ಲಿ ತೇವ ಇದ್ದರೆ ವಾರ್ನಿಷ್ ಬೆಳ್ಳಗೆ ಮಬ್ಬಾಗುತ್ತದೆ, ಕರಾವಳಿಯವರಿಗೆ ಇದು ಚೆನ್ನಾಗಿ ಗೊತ್ತು.

ಅಡುಗೆಮನೆ ಚಿತ್ರಕ್ಕೆ ಡಿಸೆಂಬರ್‌ನಲ್ಲಿ ಹಚ್ಚುತ್ತೇನೆ. ಕ್ಯಾನ್ವಾಸ್ ಹಿಂದೆ ಯಾವ ವಾರ್ನಿಷ್, ಯಾವ ತಾರೀಕು ಅಂತ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ, ಮುಂದೆ ಅದನ್ನು ತೆಗೆಯುವವರಿಗೆ ಬೇಕಾಗುತ್ತದೆ ಅಲ್ವಾ.