ಮೇಷ್ಟ್ರ ಜೇಬಿನ ಎರಡು ಗೋಲಿ

ಹೋದ ತಿಂಗಳು ನಮ್ಮ ಪಿ.ಟಿ. ಮೇಷ್ಟ್ರು ತೀರಿಕೊಂಡರು. ತಿಥಿಗೆಂದು ಹಾಸನಕ್ಕೆ ಹೋದಾಗ, ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡು ಅಂದರು. 2009ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು ನಾನು. ಓದಿದ್ದು ಒಂದೂ ತಲೆಯಲ್ಲಿ ಉಳಿದಿಲ್ಲ. ಮೇಷ್ಟ್ರ ಜೇಬಿನಲ್ಲಿ ಕಟಕಟ ಅನ್ನುತ್ತಿದ್ದ ಎರಡು ಗೋಲಿ ಮಾತ್ರ ಉಳಿದಿವೆ. ಒಂದು ಕೆಂಪು, ಒಂದು ನೀಲಿ.

ಅವರು ಬರುವ ಮುಂಚೆ ನಮ್ಮ ಕ್ರೀಡಾ ಕೊಠಡಿ ಹಾಸನಾಂಬೆ ಗುಡಿಯ ಹಾಗಿತ್ತು. ವರ್ಷಕ್ಕೊಂದು ಸಲ ಬಾಗಿಲು ತೆಗೆಯೋದು. ಮೇಷ್ಟ್ರು ಗರಡಿ ಮಣ್ಣಿನಲ್ಲಿ ಉರುಳಾಡಿ ಬೆಳೆದವರು. ಆದರೂ ನಮಗೆ ಕಲಿಸಿದ್ದು ಒಲಿಂಪಿಕ್ಸ್‌ನಲ್ಲಿ ಆಡುವ ಫ್ರೀಸ್ಟೈಲ್ ಕುಸ್ತಿ. "ಮಟ್ಟಿ ಕುಸ್ತೀಲಿ ಚಿತ್ ಮಾಡಿದ್ರೇನೇ ಗೆಲುವು. ಇಲ್ಲಿ ಹಂಗಲ್ಲ ಕಣೋ, ಅವನನ್ನ ಗೆರೆಯಾಚೆ ತಳ್ಳಿದ್ರೂ ಒಂದು ಪಾಯಿಂಟು" ಅನ್ನುತ್ತಿದ್ದರು. ನಾನು ಆಗ 38 ಕೆಜಿಯ ಕಡ್ಡಿ ಪೈಲ್ವಾನ. ಯಾರನ್ನೂ ಚಿತ್ ಮಾಡುವ ತಾಕತ್ತಿರಲಿಲ್ಲ. ಆ ಒಂದೊಂದು ಪಾಯಿಂಟಿನಿಂದಲೇ ನನಗೆ ಮರ್ಯಾದೆ ಬಂದದ್ದು.

ನಾಲ್ಕೂವರೆ ಮೀಟರ್ ಹಗ್ಗ ಹಿಡಿದು, ಸುಣ್ಣದ ಪುಡಿಯಲ್ಲಿ ವೃತ್ತ ಎಳೆಯುತ್ತಿದ್ದರು. ಮೊದಲ ತಿಂಗಳು ಪಟ್ಟು ಗಿಟ್ಟು ಏನೂ ಇಲ್ಲ, ಬರೀ ಬೀಳೋದು. ಗದ್ದ ಎದೆಗೆ ಒತ್ತಿಕೊಂಡು ಬೀಳಬೇಕು. ಮೂರು ವರ್ಷದ ಹಿಂದೆ ಶಿರಾಡಿ ಘಾಟಿಯಲ್ಲಿ ಬೈಕಿನಿಂದ ಬಿದ್ದಾಗ ನನ್ನ ಗದ್ದ ತಾನಾಗಿಯೇ ಎದೆಗೆ ಹೋಯಿತು. (ಹೆಲ್ಮೆಟ್ಟೂ ಇತ್ತು ಅನ್ನಿ.) ದಿನಾ ಉಗುರು ನೋಡುತ್ತಿದ್ದರು. ಕರ್ಚೀಫ್ ಇಲ್ಲದವನು ವೃತ್ತಕ್ಕೆ ಕಾಲಿಡುವ ಹಾಗಿರಲಿಲ್ಲ. ಅದು ಅವರದೇ ಶಿಸ್ತು ಅಂದುಕೊಂಡಿದ್ದೆ. ನಿಯಮವೇ ಹಾಗೆ ಅಂತ ಆಮೇಲೆ ಗೊತ್ತಾಯಿತು.

ಇನ್ನು ಗೋಲಿ. ಆಗ ಎರಡೆರಡು ನಿಮಿಷದ ಮೂರು ಸುತ್ತು, ಎರಡು ಗೆದ್ದವನದು ಪಂದ್ಯ. ಸುತ್ತಿನಲ್ಲಿ ಇಬ್ಬರದೂ ಸೊನ್ನೆಯಾದರೆ ಚೀಲದಿಂದ ಚೆಂಡು ತೆಗೆಯಬೇಕು. ಮೇಷ್ಟ್ರು ಗೋಲಿ ತೆಗೆಯುತ್ತಿದ್ದರು. ಯಾರ ಬಣ್ಣ ಬಂತೋ ಅವನು ಎದುರಿನವನ ಕಾಲು ಹಿಡಿದುಕೊಂಡೇ ಶುರು ಮಾಡುತ್ತಿದ್ದ. 30 ಸೆಕೆಂಡು. ಕಾಲು ಸಿಕ್ಕವನೇ ಜಾಸ್ತಿ ಗೆಲ್ಲುತ್ತಿದ್ದದ್ದು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಜಿಲ್ಲಾ ಮಟ್ಟದಲ್ಲಿ ನಾನು ಎರಡನೆಯವನಾದದ್ದು ಅಂಥದೇ ಒಂದು ಚೆಂಡಿನಿಂದ. ಇಲ್ಲದಿದ್ದರೆ ಮೊದಲನೆಯವನೇ.

ಹತ್ತನೇ ಕ್ಲಾಸಿನಲ್ಲಿ ಇಂಟರ್‌ಕ್ಲಾಸ್ ಕುಸ್ತಿ ಬಂತು. ನನ್ನ ಜೋಡಿ ಆಲೂಗಡ್ಡೆ ಮಂಡಿಯವರ ಮಗ. ಅವನಿಗೆ ಕಾಲು ಸಿಕ್ಕರೆ ಮುಗೀತು, ಬಿಡುತ್ತಿರಲಿಲ್ಲ. ಅಮ್ಮನ ಕೊಬ್ಬರಿ ಎಣ್ಣೆ ಬಾಟಲಿ ಕದ್ದು ತಂದು ತೊಡೆಯ ತನಕ ಬಳಿದುಕೊಂಡೆ. ಮೇಷ್ಟ್ರು ನನ್ನದೇ ಕರ್ಚೀಫ್ ಇಸಿದುಕೊಂಡು ನನ್ನ ಮೀನಖಂಡ ಒರೆಸಿ, ಮೂಸಿ ನೋಡಿದರು. ಬೈಯಲಿಲ್ಲ. ಕಾಲು ಪೂರಾ ಒರೆಸಿಕೊಳ್ಳೋಕೆ ಹೇಳಿದರು, ಅಷ್ಟೇ. ಕೈಯಲ್ಲಿದ್ದ ಎಣ್ಣೆಯ ಬಗ್ಗೆ ಅವರೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಅವನನ್ನು ಎಲ್ಲಿ ಹಿಡಿದರೂ ಜಾರಿ ಹೋಗುತ್ತಿದ್ದ. ಮೊದಲ ಸುತ್ತಿನಲ್ಲೇ ಚಿತ್ ಆದೆ. ಒಂದು ತಿಂಗಳು ಮ್ಯಾಟ್ ತೊಳೆದೆ.

ಅದೇ ವರ್ಷ ಆಗಸ್ಟ್‌ನಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್‌ಗೆ ಕಂಚು ಬಂತು. 1952ರಲ್ಲಿ ಕೆ.ಡಿ. ಜಾಧವ್ ಗೆದ್ದ ಮೇಲೆ ಕುಸ್ತಿಯಲ್ಲಿ ನಮಗೆ ಬಂದ ಪದಕ ಅದೇ. "ಮೊದಲ್ನೇ ಕುಸ್ತೀಲೇ ಸೋತವನು ಕಣ್ರೋ! ಅವನನ್ನ ಸೋಲಿಸಿದವನು ಫೈನಲ್‌ಗೆ ಹೋದ, ಅದಕ್ಕೇ ಇವನಿಗೆ ಇನ್ನೊಂದು ಅವಕಾಶ" ಅಂತ ಮೇಷ್ಟ್ರು ಅಸೆಂಬ್ಲಿಯಲ್ಲಿ ಕುಣಿದಾಡಿದ್ದರು. 2013ರಲ್ಲಿ ಒಲಿಂಪಿಕ್ಸ್‌ನಿಂದ ಕುಸ್ತಿಯನ್ನೇ ತೆಗೀತಾರೆ ಅಂದಾಗ ಊಟ ಬಿಟ್ಟಿದ್ದರಂತೆ. ಆ ವರ್ಷವೇ ನಿಯಮ ಬದಲಾಗಿ ಮೂರು ನಿಮಿಷದ ಎರಡು ಸುತ್ತು ಬಂತು, ಚೆಂಡು ಹೋಯಿತು. ಫೋನ್ ಮಾಡಿದೆ. "ಈಗ ಆಡಿದ್ರೆ ನೀನೇ ಫಸ್ಟು" ಅಂದರು. ಸುಮ್ನೆ ಅಂದರೋ ಏನೋ. ನಾನಂತೂ ನಂಬಿದ್ದೇನೆ.

ಅಕ್ಕನ ಮಗನ ಶಾಲೆಯಲ್ಲಿ ಪಿ.ಟಿ. ಪೀರಿಯಡ್ ಅಂದರೆ ಗಣಿತದ ಪೀರಿಯಡ್. ಎಡವಿದರೆ ಸಾಕು, ಮುಖ ಮುಂದೆ ಮಾಡಿ ಬೀಳುತ್ತಾನೆ. ಬೀಳೋದು ಯಾರಾದರೂ ಕಲಿಸಿದರೆ ತಾನೇ?

ತಿಥಿ ಊಟಕ್ಕೆ ನನ್ನ ಪಕ್ಕದ ಎಲೆಯಲ್ಲಿ ಮಂಡಿಯವನೇ ಕೂತಿದ್ದ. "ಅವತ್ತು ಮೇಷ್ಟ್ರಿಗೆ ಹೇಳಿದ್ದು ನಾನೇ ಕಣೋ. ಆ ವಾಸನೆಗೆ ಇಡೀ ಶಾಲೆಗೇ ಗೊತ್ತಾಗಿತ್ತು" ಅಂದ. ಅಷ್ಟರಲ್ಲಿ ಪಾಯಸ ಬಂತು. ಇಬ್ಬರೂ ಎರಡೆರಡು ಸಲ ಹಾಕಿಸಿಕೊಂಡೆವು. ಈಗ ನಮ್ಮ ತೂಕ ನೋಡುವವರು ಯಾರೂ ಇಲ್ಲವಲ್ಲ.